ಸ್ನೇಹಾ ಮೈಕ್ ತೆರೆದಾಗ

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹೊನ್ನೂರಸ್ವಾಮಿ ಕಾಲುವೆಯ ಗೇಟ್ ನೋಡಿಕೊಳ್ಳುವವನು. ಮಗಳು ಸ್ನೇಹಾ ಹತ್ತನೇ ತರಗತಿ. ಭಾನುವಾರ ಮೊಬೈಲಿನಲ್ಲಿ ಗುಂಪಿನ ಆಟ ಆಡುತ್ತಾಳೆ. ಎಲ್ಲೆಲ್ಲಿಯದೋ ಊರಿನವರು ಒಂದು ತಂಡವಾಗಿ, ಮೈಕಿನಲ್ಲಿ ಮಾತಾಡುತ್ತ ಆಡುವ ಆಟ. ಆದರೆ ಇವಳು ಬಾಯಿ ಬಿಟ್ಟರೆ ಸಾಕು, ಹುಡುಗಿಯೆಂದು ತಿಳಿದು ಯಾರೋ ಹೊಲಸು ಬೈಯುತ್ತಿದ್ದರು.

ಅಳುತ್ತ ಕೂತ ಮಗಳನ್ನು ನೋಡಿ ಹೊನ್ನೂರಸ್ವಾಮಿಗೆ ಮೈ ಉರಿಯಿತು.

"ನಿನಗ ಬಾಯಿಲ್ಲೇನು? ತಿರುಗಿ ಬೈಯಿ. ನಾಕು ಮಾತು ನಾನೇ ಹೇಳಿಕೊಡ್ತೀನಿ."

ಹೇಳಿಕೊಟ್ಟೂ ಬಿಟ್ಟ, ಪುಣ್ಯಾತ್ಮ!

ಮುಂದಿನ ಭಾನುವಾರ ತಂಡದಲ್ಲೊಬ್ಬರು ಎಡವಟ್ಟು ಮಾಡಿ ತಂಡ ಸೋಲುವ ಹಾಗಾಯಿತು. ಸ್ನೇಹಾ ಮೈಕ್ ತೆರೆದು, ಅಪ್ಪ ಕಲಿಸಿದ್ದನ್ನೆಲ್ಲ ಸುರಿದಳು. ಆ ಕಡೆಯಿಂದ ಬಿಕ್ಕುವ ಸದ್ದು ಬಂತು.

"ಅಕ್ಕಾ, ನಾನು ನಾಲ್ಕನೇ ಕ್ಲಾಸು. ನನಗೆ ಸರಿಯಾಗಿ ಆಡೋಕೆ ಬರಲ್ಲ."

ಅಷ್ಟರಲ್ಲಿ ಆಟ ಮುಗಿಯಿತು, ಮಗು ಹೋಯಿತು. ತಪ್ಪಾಯಿತು ಎನ್ನೋಣವೆಂದರೆ ಹೆಸರಿಲ್ಲ, ಊರಿಲ್ಲ. ಪಕ್ಕದಲ್ಲೇ ಕೂತು ಕೇಳಿದ್ದ ಹೊನ್ನೂರಸ್ವಾಮಿಗೆ ನಾಚಿಕೆಯಾಯಿತು.

ಸಂಜೆ ಪಕ್ಕದ ಮನೆಯ ರೇಣುಕಾದೇವಿ ಬಂದರು. ಅವರು ಗ್ರಂಥಾಲಯದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವರು.

"ಮೊಬೈಲ್ ಕಸ್ಕೊಂಡ್ಬಿಡ್ತೀನ್ರೀ ಅಕ್ಕಾರ," ಎಂದ ಇವನು, ನಡೆದದ್ದನ್ನೆಲ್ಲ ಹೇಳಿ.

"ಬ್ಯಾಡ್ರಿ. ಮೈಕ್ ಇರೋದು ಕೂಡಿ ಆಡಾಕ. ಆದ್ರ ಮುಖ ಕಾಣಂಗಿಲ್ಲ, ನಾಳೆ ಎದುರಿಗೆ ಸಿಗಂಗಿಲ್ಲ ಅಂದ್ರ ಕೆಲವರ ನಾಲಿಗಿ ಭಾಳ ಸಡ್ಲಾಗತೈತಿ. ಗುರ್ತಿದ್ದೋರ ಜೋಡಿ ಅಷ್ಟೇ ಮೈಕ್ ಇಡ್ರಿ. ಬೈಯೋರ ದನಿ ಬಂದ್ ಮಾಡಿ, ಆಟದಾಗೇ ದೂರು ಕೊಡ್ರಿ."

"ಮಾತಿಲ್ದ ಹೆಂಗ ಆಡ್ತಾರ್ರೀ?"

"ಗೇಟಿನ ಮ್ಯಾಲೆ ಅಷ್ಟು ನೀರಿನ ಸದ್ದಿನ್ಯಾಗ ನೀವು ಮಾತಾಡ್ತೀರೇನು?"

ಹೊನ್ನೂರಸ್ವಾಮಿಗೆ ತನ್ನ ಸೀಟಿ ನೆನಪಾಯಿತು. ಎರಡು ಸೀಟಿ ಹೊಡೆದರೆ ಗೇಟ್ ಎತ್ತು, ಒಂದಾದರೆ ನಿಲ್ಲಿಸು. ಹದಿನೆಂಟು ವರ್ಷದಿಂದ ಅವನ ಕೆಲಸ ನಡೆದದ್ದೇ ಹಾಗೆ.

"ಆಟದಾಗೂ ಹಂಗ ಸನ್ನೆ ಅದಾವಪ್ಪ," ಎಂದು ಸ್ನೇಹಾ ಗುಂಡಿಗಳನ್ನು ತೋರಿಸಿದಳು. ಬಾ, ನಿಲ್ಲು, ಸಹಾಯ ಬೇಕು, ಎಲ್ಲಕ್ಕೂ ಒಂದೊಂದು.

"ಸೀಟಿಯಾಗ ಯಾರನ್ನೂ ಬೈಯಾಕ ಬರಂಗಿಲ್ಲ ನೋಡವ್ವ. ನಾ ಕಲಿಸಿದ್ದು ಮರತುಬಿಡು. ತಪ್ಪು ನಂದು," ಎಂದ ಅಪ್ಪ.

ಈಗ ಸ್ನೇಹಾ ಗೆಳತಿಯರ ಜೊತೆ ಮಾತಾಡುತ್ತ, ಉಳಿದವರ ಜೊತೆ ಸನ್ನೆಯಲ್ಲಿ ಆಡುತ್ತಾಳೆ. ಆ ಮಗು ಮಾತ್ರ ಮತ್ತೆ ಸಿಕ್ಕಿಲ್ಲ.

ನಿಮ್ಮ ಮನೆಯಲ್ಲೂ ಮಕ್ಕಳು ಆಡುತ್ತಾರಲ್ಲ? ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಯಾರಾದರೂ ಬೈಯುತ್ತಿದ್ದರೆ ಆ ದನಿ ಬಂದ್ ಮಾಡಿಸಿ, ದೂರು ಕೊಡಿಸಿ. ನಿಮ್ಮ ಮಗುವೇ ಬೈಯುತ್ತಿದ್ದರೆ ಮೊದಲು ಅದರ ಮೈಕ್ ಬಂದ್ ಮಾಡಿಸಿ. ತಪ್ಪಾಯಿತು ಎನ್ನುವವರೆಗೆ ಆಟ ಕಾಯುವುದಿಲ್ಲ.