ಇಬ್ಬರ ಸಾಲಿನಲ್ಲಿ

ನೆನಿತಾಳ ಕಾರಿನಲ್ಲಿ ಕಟ್ಟಳೆ ಒಂದೇ: ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಕೂಡದು. ಫ್ರೀವೇಯ ಎಡತುದಿಯ ಸಾಲು ಇಬ್ಬರಾದರೂ ಕೂತ ಕಾರುಗಳಿಗಷ್ಟೇ ಮೀಸಲು. ಪೊಲೀಸರ ಕಣ್ಣಿಗೆ ಎರಡನೆಯ ತಲೆ ಬೀಳಲೇಬೇಕು. ಆ ತಲೆ ಲಿಗಾಯಾಳದು.

ಇಬ್ಬರೂ ಗುಡ್ಡದಾಚೆಯ ಡಯಾಲಿಸಿಸ್ ಕೇಂದ್ರದ ನರ್ಸುಗಳು. ಗುಡ್ಡದೀಚೆಯ ಪನೋರಮಾ ಸಿಟಿಯಿಂದ ದಿನಾ ಬೆಳಿಗ್ಗೆ ಲಿಗಾಯಾ ಕಣ್ಣೆವೆ ಕೂಡುತ್ತಿದ್ದರೂ ಕಂಬದಂತೆ ನೆಟ್ಟಗೆ ಕೂತು ಬರುತ್ತಿದ್ದಳು. ಬಲಗಡೆ ನಾಲ್ಕು ಸಾಲು ಕಾರುಗಳು ಇರುವೆಗಳಿಗಿಂತ ನಿಧಾನವಾಗಿ ತೆವಳುತ್ತಿದ್ದವು. ಹೊರಗೆ ಬಾಯಿ ಬಿಡದವಳು ಈ ಕಾರಿನಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಿದ್ದಳು. ಜಾಮ್‌ನಲ್ಲಿ ಸಿಕ್ಕಿ ತಡವಾದ ರೋಗಿಗೆ ಅರ್ಧ ರಕ್ತವಷ್ಟೇ ಶುದ್ಧವಾಗುತ್ತದೆ, ಅಷ್ಟರಲ್ಲಿ ಕುರ್ಚಿ ಇನ್ನೊಬ್ಬರದಾಗುತ್ತದೆ. ಕೇಂದ್ರಕ್ಕೆ ಹತ್ತಿರದವರನ್ನು ಬೆಳಿಗ್ಗೆ, ಗುಡ್ಡ ದಾಟಿ ಬರುವವರನ್ನು ದಟ್ಟಣೆ ಕರಗಿದ ಮೇಲೆ ಕರೆದರೆ ಹೇಗೆ? ಖಾಲಿಯಿದ್ದ ಮೇಲ್ವಿಚಾರಕಿ ಹುದ್ದೆಗೆ ಈ ಯೋಜನೆ ಹಿಡಿದು ಹೋಗಲೇ ಎಂದೂ ಕೇಳಿದ್ದಳು.

"ನಿನ್ ಪಿಸುಮಾತು ಯಾರಿಗೆ ಕೇಳ್ಸುತ್ತೆ? ಮುಂದಿನ ವರ್ಷ ನೋಡೋಣ," ಎಂದಿದ್ದಳು ನೆನಿತಾ.

ನಿನ್ನೆ ಊಟದ ಕೋಣೆಯಲ್ಲಿ ಅದೇ ನೆನಿತಾ ಎಲ್ಲರ ತಟ್ಟೆಗೂ ಪನ್ಸಿತ್ ನೂಡಲ್ಸ್ ಬಡಿಸಿದಳು. ಆ ಹುದ್ದೆಗೆ ಅರ್ಜಿ ಹಾಕಿದ್ದು ಅವಳು. ಲಿಗಾಯಾಳ ಯೋಜನೆಯೂ ಈಗ ಅವಳದೇ ಆಗಿತ್ತು!

"ಮೇಲ್ವಿಚಾರಕಿ ಆದ್ಮೇಲೂ ಲಿಗಾಯಾನ ಬಿಡಲ್ಲ ಕಣ್ರೇ. ಅಂಗಡಿ ಗೊಂಬೆ ಕೂರಿಸ್ಕೊಂಡ್ರೆ ದಂಡ ಹಾಕ್ತಾರೆ. ಇದು ಉಸಿರಾಡೋ ಗೊಂಬೆ, ಪರವಾಗಿಲ್ಲ!"

ಎಲ್ಲರೂ ನಕ್ಕರು. ಲಿಗಾಯಾಳೂ ನಕ್ಕಳು. ಆ ನಗುವಿನ ನೆನಪಿಗೆ ರಾತ್ರಿಯೆಲ್ಲ ಅವಳಿಗೆ ನಿದ್ದೆ ಹತ್ತಲಿಲ್ಲ.

ಇಂದು ಎಂಟಕ್ಕೆ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಹಗೋಪಿಯನ್ ಎದುರು ನೆನಿತಾಳ ಸಂದರ್ಶನ. ಗುಡ್ಡ ಹತ್ತುವ ಸೆಪುಲ್ವೆಡಾ ಏರಿನಲ್ಲಿ ಕಾರು ಸರಾಗವಾಗಿ ಓಡುತ್ತಿತ್ತು. ಕದ್ದ ಮಾತುಗಳನ್ನು ಅವಳು ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದಳು, ಕದ್ದದ್ದು ಯಾರಿಂದ ಎಂಬುದೇ ಮರೆತವಳಂತೆ. ಕನ್ನಡಿಯಲ್ಲಿ ಪೊಲೀಸ್ ಮೋಟಾರ್‌ಸೈಕಲ್ ಹಿಂದಿನಿಂದ ಬರುವುದು ಲಿಗಾಯಾಳಿಗೆ ಕಂಡಿತು. ಒಬ್ಬಳೇ ಇದ್ದಾಳೆಂದು ಅವನು ನಿಲ್ಲಿಸಲಿ, ಒಂದೆರಡು ನಿಮಿಷವಾದರೂ ನೆನಿತಾಳಿಗೆ ತಡವಾಗಲಿ, ಬೆವರಲಿ. ಸೀಟಿನ ಹಿಡಿಕೆ ಎಳೆದು ಚಪ್ಪಟೆಯಾಗಿ ಮಲಗಿಬಿಟ್ಟಳು.

"ಏ! ಏನೇ ಮಾಡ್ತಿದೀಯ? ಪೊಲೀಸು! ತಲೆ ಎತ್ತೇ!"

"ನಿದ್ದೆ ಬರ್ತಿದೆ ಅಕ್ಕಾ."

"ಎದ್ದೇಳೇ, ನಿನ್ ಕಾಲಿಗ್ ಬೀಳ್ತೀನಿ!"

ಲಿಗಾಯಾ ಕಣ್ಣು ಮುಚ್ಚಿದಳು. ಮರುಕ್ಷಣ ಕಾರು ವಾಲಿತು, ಸುತ್ತ ಹಾರ್ನ್‌ಗಳು ಬೊಬ್ಬಿಟ್ಟವು. ದಾಟಬಾರದ ಜೋಡಿ ಬಿಳಿ ಗೆರೆಯನ್ನು ಪೊಲೀಸನ ಎದುರಿಗೇ ದಾಟಿ, ನೆನಿತಾ ಪಕ್ಕದ ಸಾಲಿಗೆ ನುಗ್ಗಿದ್ದಳು. ಇಷ್ಟನ್ನು ಲಿಗಾಯಾ ಎಣಿಸಿರಲಿಲ್ಲ.

ಅವರನ್ನು ರಸ್ತೆಯಂಚಿನಲ್ಲಿ ತಡೆದು ನಿಲ್ಲಿಸಿದ ಪೊಲೀಸ್ ಕಿಟಕಿಗೆ ಬಗ್ಗಿದ. "ಕೈ ಎರಡೂ ಸ್ಟೀರಿಂಗ್ ಮೇಲಿರ್ಲಿ, ಅಮ್ಮಾ." ಆಗ ಮಲಗಿದ್ದವಳು ಮೆಲ್ಲಗೆ ಎದ್ದು ಕೂತಳು. ಅವನು ಅವಳನ್ನೂ ನೆನಿತಾಳನ್ನೂ ನೋಡಿದ. "ಇಬ್ರಿದೀರಲ್ರೀ! ಮತ್ಯಾಕೆ ಓಡೋಕ್ಹೋದ್ರಿ?"

ತಲೆಯೊಂದು ಕಾಣದಾದದ್ದೇ ತಡ, ಪಕ್ಕದಲ್ಲಿ ಮನುಷ್ಯಳೊಬ್ಬಳು ಇದ್ದಾಳೆನ್ನುವುದೇ ನೆನಿತಾಳಿಗೆ ಮರೆತುಹೋಗಿತ್ತು.

ಪೊಲೀಸ್ ಬಾನೆಟ್ ಪಕ್ಕ ನಿಂತು ಗೆರೆ ದಾಟಿದ್ದಕ್ಕೆ ದಂಡದ ಚೀಟಿ ಬರೆಯತೊಡಗಿದ. ಎಂಟು ಬಾರಿಸುವುದರಲ್ಲಿತ್ತು.

"ಫೋನ್ ಮಾಡೇ ಡಾಕ್ಟರ್‌ಗೆ," ನೆನಿತಾ ಹಲ್ಲು ಕಚ್ಚಿ ಉಸುರಿದಳು. "ಆಕ್ಸಿಡೆಂಟ್ ಆಯ್ತು ಅನ್ನು. ಬೇಗ!"

ಲಿಗಾಯಾ ಮಾಡಿದಳು.

"ಡಾಕ್ಟರ್ ಹಗೋಪಿಯನ್, ನಾನು ಲಿಗಾಯಾ. ನೆನಿತಾಕ್ಕನ್ನ ಪೊಲೀಸ್ರು ಹಿಡ್ಕೊಂಡಿದಾರೆ, ತಡ ಆಗುತ್ತೆ. ಅವರು ಹೇಳ್ಬೇಕಂತಿದ್ರಲ್ಲ, ರೋಗಿಗಳ ಸಮಯ ಬದಲಾಯ್ಸೋ ಯೋಜನೆ, ಅದು ನಂದು. ಅವರಿಗೆ ಮೇಲ್ಮೇಲಷ್ಟೇ ಗೊತ್ತು. ಬೇಕಾದ್ರೆ ಈಗ್ಲೇ ಹೇಳ್ತೀನಿ."

"ಕೊಡೇ ಇಲ್ಲಿ!" ನೆನಿತಾಳ ಕೈ ಸ್ಟೀರಿಂಗ್ ಬಿಟ್ಟಿತು. ಪೊಲೀಸ್ ತಲೆಯೆತ್ತಿದ. "ಅಮ್ಮಾ, ಕೈ!" ಕೈ ಸ್ವಸ್ಥಾನಕ್ಕೆ ಮರಳಿತು.

ಆಚೆಯಿಂದ ಡಾಕ್ಟರ್ ಎಂದರು, "ಹೇಳಿ, ಕೇಳ್ತಿದೀನಿ."

ಲಿಗಾಯಾ ನೆನಿತಾಳ ಕಡೆಗೇ ತಿರುಗಿ ಕೂತು, ಫ್ರೀವೇಯ ಗದ್ದಲಕ್ಕಿಂತ ಮೇಲೆ ದನಿಯೆತ್ತಿ, ಒಂದೊಂದೇ ಮಾತನ್ನು ಅವಳಿಗೂ ಕೇಳುವಂತೆ ಬಿಡಿಸಿ ಹೇಳತೊಡಗಿದಳು.