ಕೇಳಿದ್ದು ಯಾರು

"ಪಂಕಜಾಗೆ ಇಷ್ಟು ಶುಗರ್ ಇರೋದಕ್ಕೆ ಸಾಧ್ಯಾನೇ ಇಲ್ಲ ಕಣಮ್ಮ," ಎಂದರು ಫೋನಿನಲ್ಲಿ ಲಕ್ಷ್ಮೀಪುರಂ ನರ್ಸಿಂಗ್ ಹೋಮಿನ ಡಾಕ್ಟರ್ ಗಿರಿಜಾಂಬಾ. "ತುಂಬಿದ ಬಸುರಿ. ಈ ರಿಪೋರ್ಟ್ ನಂಬಿದ್ರೆ ಇವತ್ತೇ ಇನ್ಸುಲಿನ್ ಶುರು ಮಾಡ್ಬೇಕು. ನಂಗ್ಯಾಕೋ ಅನುಮಾನ."

ಫೋನ್ ಎತ್ತಿದ್ದ ಧರಣಿ ಹೆಬ್ಬಾಳದ ಆ ಸಣ್ಣ ಕಂಪನಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿನ ನರ್ಸಿಂಗ್ ಹೋಮುಗಳು ಒಂದು ಲ್ಯಾಬಿನಿಂದ ರಕ್ತಪರೀಕ್ಷೆಯ ರಿಪೋರ್ಟುಗಳನ್ನು ತಮ್ಮ ಕಂಪ್ಯೂಟರಿಗೇ ತರಿಸಿಕೊಳ್ಳುವ ವೆಬ್ ಸರ್ವಿಸನ್ನು ಕಂಪನಿ ನಡೆಸುತ್ತಿತ್ತು. ರಿಪೋರ್ಟಿನ ಮೇಲೆ ಹೆಸರಿರುತ್ತಿರಲಿಲ್ಲ, ರೋಗಿಯ ನಂಬರ್ ಮಾತ್ರ. ಹನ್ನೆರಡನೇ ನಂಬರಿನ ರೋಗಿ ಎಲ್ಲ ನರ್ಸಿಂಗ್ ಹೋಮಿನಲ್ಲೂ ಒಬ್ಬರಿರುತ್ತಿದ್ದರು. ಹಾಗಾಗಿ ಕೇಳಿದ್ದು ಯಾರು, ಯಾವ ನರ್ಸಿಂಗ್ ಹೋಮಿನವರು ಎನ್ನುವುದು ಸರ್ವಿಸಿಗೆ ಗೊತ್ತಿರಲೇಬೇಕಿತ್ತು.

"ಲ್ಯಾಬ್‌ನೋರು ತಪ್ಪು ಟೈಪ್ ಮಾಡಿರ್ತಾರೆ ಬುಡಮ್ಮ," ಎಂದರು ಅವಳ ಮೇಲಿನವರಾದ ಸುಂದರೇಶ. "ನಾವು ಎಷ್ಟು ಸಲ ಟೆಸ್ಟ್ ಮಾಡಿಲ್ಲ?"

"ಒಬ್ಬೊಬ್ರೇ ಮಾಡಿದ್ವಿ ಸಾರ್. ಈಗ ಇಬ್ರೂ ಒಟ್ಟಿಗೆ ಬಟನ್ ಒತ್ತೋಣ. ನೀವು ಅದೇ ನಂಬರನ್ನ ಬೇರೆ ನರ್ಸಿಂಗ್ ಹೋಮ್ ಹೆಸರಲ್ಲಿ ಕೇಳಿ."

ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದರು. ಸುಂದರೇಶ ಕುರ್ಚಿ ಹಿಂದಕ್ಕೆ ತಳ್ಳಿ ಏಳುವುದರಲ್ಲಿದ್ದಾಗ, ಅವರು ಕೇಳಿದ ರಿಪೋರ್ಟ್ ಧರಣಿಯ ಪರದೆಯ ಮೇಲೆ ಬಂತು.

ಅವರು ಕುರ್ಚಿಯನ್ನು ಅವಳ ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಕೇಳಿದೋರ ಹೆಸರನ್ನ ಎಲ್ರಿಗೂ ಸೇರಿ ಒಂದೇ ಕಡೆ ಇಟ್ಟಿದೀವಿ ಸಾರ್," ಎಂದಳು ಧರಣಿ ಮೆಲ್ಲಗೆ. "ಒಟ್ಟಿಗೆ ಬಂದ್ರೆ ಒಬ್ರದ್ದರ ಮೇಲೆ ಇನ್ನೊಬ್ರದ್ದು ಕೂತ್ಬುಡುತ್ತೆ. ಯಾರು, ಎಲ್ಲಿಂದ ಅನ್ನೋದು ಪ್ರತಿ ರಿಕ್ವೆಸ್ಟ್ ಜೊತೇಲೇ ಬಂದಿರುತ್ತಲ್ಲ. ಅದರಿಂದಾನೇ ಓದ್ಕೊಂಡ್ರೆ ಆಯ್ತು."

"ಆ ಕೋಡ್ ಬರೆದೋನು ನಾನೇ," ಎಂದರು ಸುಂದರೇಶ. "ಸಂಜೆ ಸರಿ ಮಾಡೋಣ. ಈಗ ನಿಲ್ಸಿದ್ರೆ ಎಲ್ಲಾ ಕಡೆಯಿಂದ ಫೋನ್ ಬರುತ್ತೆ."

"ಬರ್ಲಿ ಸಾರ್. ಆ ಜಾಸ್ತಿ ಶುಗರ್ ಇರೋರು ಇನ್ಯಾರೋ ಇದಾರೆ. ತಮಗೇನೂ ಇಲ್ಲ ಅಂದ್ಕೊಂಡು ಮನೇಲಿ ಕೂತಿರ್ತಾರೆ."

ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗಬೇಕಾದರೆ ಸುಂದರೇಶರ ಸಹಿ ಬೇಕಿತ್ತು.

ಅವರು ಸರ್ವಿಸ್ ನಿಲ್ಲಿಸಿದರು. ಆಮೇಲೆ ಒಂದೊಂದೇ ನರ್ಸಿಂಗ್ ಹೋಮಿಗೆ ತಾವೇ ಫೋನ್ ಮಾಡಿ, "ತಪ್ಪು ನಮ್ದು. ಇವತ್ತಿನ ರಿಪೋರ್ಟ್ ನಂಬಬೇಡಿ," ಎನ್ನತೊಡಗಿದರು. ಯಾರೋ ಬೈದರು. ಅದನ್ನೂ ಕೇಳಿಸಿಕೊಂಡರು. ಪಕ್ಕದಲ್ಲಿ ಧರಣಿ ಕೋಡ್ ತಿದ್ದುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಎಷ್ಟು ಸಲ ಒಟ್ಟಿಗೆ ಒತ್ತಿದರೂ ಯಾರ ರಿಪೋರ್ಟ್ ಅವರಿಗೇ ಬಂತು. ಸಕ್ಕರೆ ಹೆಚ್ಚಿದ್ದ ಹೆಂಗಸು ಅಗ್ರಹಾರದ ನರ್ಸಿಂಗ್ ಹೋಮೊಂದರ ರೋಗಿಯೆಂದು ತಿಳಿಯಿತು. ಅವರ ಡಾಕ್ಟರು ಕೂಡಲೇ ಕರೆಸಿಕೊಂಡರು. "ನೀನೇ ಹೋಗಿ ಗಿರಿಜಾಂಬಾ ಅವರಿಗೆ ಹೊಸ ರಿಪೋರ್ಟ್ ತೋರಿಸ್ಬುಟ್ಟು ಬಾರಮ್ಮ," ಎಂದು ಸುಂದರೇಶ ಅವಳನ್ನು ಕಳಿಸಿದರು.

ಲಕ್ಷ್ಮೀಪುರಂನ ನರ್ಸಿಂಗ್ ಹೋಮಿನಲ್ಲಿ, ಶುಗರ್ ಮಾಮೂಲಾಗಿದ್ದ ಹೊಸ ರಿಪೋರ್ಟನ್ನು ಒಳಗೆ ಕೊಟ್ಟು ಧರಣಿ ಹೊರಗಿನ ಬೆಂಚಿನಲ್ಲಿ ಕುಳಿತಳು. ಪಕ್ಕದ ಹೆಂಗಸು ಉಣ್ಣೆಯ ಟೊಪ್ಪಿ ಹೆಣೆಯುತ್ತಿದ್ದಳು.

"ಪಂಕಜಾ ಯಾರಮ್ಮ?" ನರ್ಸ್ ಬಾಗಿಲಲ್ಲಿ ನಿಂತು ಕೇಳಿದಳು.

"ನಾನೇ," ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ಎದ್ದಳು. "ಸ್ವಲ್ಪ ಇದನ್ನ ಇಟ್ಕೊಂಡಿರ್ತೀರಾ? ಎಳೆ ಬಿಚ್ಕೊಂಡ್ಬುಡುತ್ತೆ."

ಧರಣಿ ಎರಡೂ ಕಡ್ಡಿಗಳನ್ನು ಜೋಪಾನವಾಗಿ ಹಿಡಿದು ಕುಳಿತಳು. ಟೊಪ್ಪಿ ಅವಳ ಅಂಗೈಯಷ್ಟೇ ಇತ್ತು.