ಲತಾಮಣಿಯಕ್ಕನ ಕತ್ತಿನ ಗೆರೆ

ಲತಾಮಣಿಯಕ್ಕ ನಡೆಯುವುದನ್ನು ಮೊದಲ ಸಲ ಕಂಡವರು ಆಕೆಗೆ ಜಂಬವೆಂದೇ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಗದ್ದ ಮೇಲೆತ್ತಿ, ಮೊಣಕೈಗಳನ್ನು ಕೊಂಚ ಅಗಲಿಸಿ, ಯಾವುದೋ ಅದೃಶ್ಯ ಪ್ರವಾಹವನ್ನು ಎದೆಯಿಂದ ಸೀಳುತ್ತಿರುವವಳಂತೆ ಆಕೆ ಪನಮರಂ ಪೇಟೆಗೆ ಹೊರಟರೆ, ಆಟೋದವರು ಹಾರ್ನ್ ಹಾಕುವ ಬದಲು ಪಕ್ಕಕ್ಕೆ ಸರಿಯುತ್ತಾರೆ. ಮೈಮೇಲೆ, ಲೈನ್‌ಮ್ಯಾನ್ ಆಗಿದ್ದು ತೀರಿಕೊಂಡ ಗಂಡನ ಖಾಕಿ ಕೋಟು; ಅದರ ಜೇಬಿನಲ್ಲಿ ಸದಾ ಒಂದು ತುಂಡು ಕಾವಿಕಲ್ಲು.

ಆ ನಡಿಗೆ ಬಂದದ್ದು ಪ್ರಳಯದ ವರ್ಷ. ಹೊಳೆ ಉಕ್ಕಿ ಆಕೆಯ ಐದು ಬಾಡಿಗೆ ರೂಮುಗಳಿಗೆ ನುಗ್ಗಿದಾಗ, ಕಟ್ಟಕಡೆಯ ಟ್ರಂಕು ಹೊರಬರುವ ತನಕ ಹಗ್ಗ ಹಿಡಿದು ಕತ್ತಿನುದ್ದ ನೀರಿನಲ್ಲಿ ನಿಂತವಳು ಆಕೆ. ನೀರಿಳಿದ ಮೇಲೆ ಗೋಡೆಯುದ್ದಕ್ಕೂ ಉಳಿದ ಕೆಸರಿನ ಗೆರೆಯನ್ನು ತೊಳೆಯಲಿಲ್ಲ. ಅದರ ಮೇಲೆಯೇ ಕಾವಿ ಎಳೆದಳು. ದಂಡೆ ಇಳಿಜಾರಾದ್ದರಿಂದ ಆ ಒಂದೇ ಗೆರೆ ಹೊಳೆಗೆ ಹತ್ತಿರದ ರೂಮಿನಲ್ಲಿ ಕತ್ತಿಗೆ, ಮುಂದಿನದರಲ್ಲಿ ಎದೆಗೆ, ಆಮೇಲೆ ಸೊಂಟಕ್ಕೆ, ಮಂಡಿಗೆ, ಕೊನೆಗೆ ಪಾದಕ್ಕೆ. ರೂಮಿನ ಹೆಸರುಗಳೂ ಅವೇ, ಬಾಡಿಗೆಯ ಕ್ರಮವೂ ಅದೇ: ಕತ್ತಿನ ರೂಮು ಅತಿ ಅಗ್ಗ, ಪಾದದ ರೂಮಿಗೆ ಪೂರ್ತಿ ಬಾಡಿಗೆ. ಒಂದು ರೂಮಿನಂತೆ ಇನ್ನೊಂದಿಲ್ಲ. ಮೀನು ಮಾರುವ ಕುಂಞಿಗೆ ಬುಟ್ಟಿ ತೊಳೆಯಲು ಹಿಂದೊಂದು ಕಲ್ಲುಕಟ್ಟೆ, ಹೊಲಿಗೆಯ ಶಾಂತಳಿಗೆ ಮೆಷಿನ್ನಿನ ಮೇಲೆ ಬೆಳಕು ಬೀಳುವಷ್ಟು ಅಗಲದ ಕಿಟಕಿ. ನಾನು ರೂಮು ಕೇಳಲು ಹೋದಾಗ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು.

"ಏನು ಕೆಲ್ಸ ಮಾಷೇ?" ಕನ್ನಡಕ ಹಾಕಿದವರೆಲ್ಲ ಆಕೆಗೆ ಮೇಷ್ಟ್ರುಗಳೇ.

"ಪತ್ರಿಕೆಗೆ ಹಾಸ್ಯ ಬರೀತೀನಿ."

"ಅದಿರ್ಲಿ. ಈಜು ಬರುತ್ತಾ?"

"ಇಲ್ಲ."

"ಹಂಗಾದ್ರೆ ಕತ್ತಿಂದೂ ಎದೆದೂ ನಿಮ್ಗೆ ಬೇಡ."

ಹೀಗೆ ನಾನು ಸೊಂಟದವನಾದೆ.

ಎರಡು ವರ್ಷದ ಹಿಂದೆ ದಂಡೆಗೆ ಸಿಂಗಾರವಾಯಿತು. ತಿರುಗಾಡಲು ಕಲ್ಲುಹಾಸು, ದೀಪದ ಕಂಬಗಳು, ಮತ್ತು ಅಕ್ಕಪಕ್ಕದ ಬಾಡಿಗೆಮನೆಗಳನ್ನೆಲ್ಲ ಕೊಂಡು ಕೆಡವಿದ ಕಂಪನಿಯೊಂದರ ವಿಲ್ಲಾಗಳು. ವಜ್ರ, ಚಿನ್ನ, ಬೆಳ್ಳಿ ಎಂದು ಅವುಗಳಲ್ಲಿ ಮೂರು ಜಾತಿ; ಒಳಹೊಕ್ಕರೆ ಮೂರೂ ಒಂದೇ ಪೆಟ್ಟಿಗೆ, ಹೊಳೆ ಹತ್ತಿರವಾದಷ್ಟೂ ದುಬಾರಿ. ಎದ್ದುಹೋದ ಬಾಡಿಗೆದಾರರಿಗೆ ಹಳೆಯ ಬಾಡಿಗೆಗೆ ಪೇಟೆಯಲ್ಲಿ ಬಚ್ಚಲುಮನೆಯೂ ಸಿಗಲಿಲ್ಲ. ಉಳಿದದ್ದು ಈ ಐದು ರೂಮು. ಇವೂ ಹೋದರೆ ನಮಗೆಲ್ಲ ಊರೇ ಇಲ್ಲ.

ಕಂಪನಿಯ ಪರವಾಗಿ ಮಾತಿಗೆ ಬರುತ್ತಿದ್ದವನು ಬಾವಲಿ ಊರಿನ ಗಿರೀಶ್, ಸಜ್ಜನ. ಅವನಿಗೆ ಆಕೆ ಚೇಚಿ, ಅಂದರೆ ಅಕ್ಕ; ಆಕೆಗೆ ಅವನು ಮೋನೇ, ಅಂದರೆ ಮಗ.

"ಚೇಚಿ, ಹೊಳೆ ಕಂಡ್ರೆ ಎಲ್ರೂ ಬೆಲೆ ಏರಿಸ್ತಾರೆ. ನೀವೊಬ್ರು ಇಳಿಸ್ತೀರಲ್ಲ!"

"ಹೊಳೆ ನಿಂಗೆ ಕಾಣುತ್ತೆ ಮೋನೇ. ನಂಗೆ ಬರುತ್ತೆ."

ಮಾರುವುದಿಲ್ಲವೆಂದಳು. ಸರಿ, ಆ ಕಾವಿಗೆರೆ ಕಂಡು ಗಿರಾಕಿಗಳು ಬೆದರುತ್ತಾರೆ, ಪುಕ್ಕಟೆ ಬಣ್ಣ ಬಳಿಸಿಕೊಡುತ್ತೇವೆ ಎಂದ. ಅದಕ್ಕೂ ಇಲ್ಲ. ಆಕೆ ಮದುವೆಯೊಂದಕ್ಕೆ ಹೋದ ದಿನ ಪೇಂಟರ್ ಬಂದ. ಚೇಚಿ ಒಪ್ಪಿದ್ದಾರೆ ಎಂದ. ನಂಬಿದೆ. ನಂಬಿದ್ದಷ್ಟೇ ಅಲ್ಲ, ಅವನ ಏಣಿ ಜಾರದಂತೆ ಸಂಜೆಯವರೆಗೆ ಹಿಡಿದುಕೊಂಡೂ ನಿಂತಿದ್ದೆ.

ಮರುದಿನ ಭಾನುವಾರ. ಮರಳಿದ ಆಕೆ ಬೋಳು ಗೋಡೆಯನ್ನು ದಿಟ್ಟಿಸಿದಳು. "ಚೆಂದ ಆಗಿದೆ ಮಾಷೇ. ಏಣಿ ಹಿಡಿದ ಕೈ ನೋಯ್ತಿಲ್ಲ ತಾನೆ? ಇನ್ನೂ ಕೆಲ್ಸ ಇದೆ." ಕತ್ತಿನ ರೂಮಿನ ಬಾಗಿಲ ಪಕ್ಕ, ಪ್ರಳಯದಂದು ಹಗ್ಗ ಹಿಡಿದು ನಿಂತಲ್ಲೇ, ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದ ಎತ್ತಿದಳು. "ಕುಂಞೀ, ಕತ್ತಿಗೆ ಸರಿಯಾಗಿ ಗುರುತು ಹಾಕು."

ಆಮೇಲೆ, ಮೇಸ್ತ್ರಿಗಳು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು ಬಂತು. ಒಂದು ತುದಿ ಆ ಗುರುತಿನ ಮೇಲೆ ಕುಂಞಿಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನೀರು ನಿಂತಲ್ಲೆಲ್ಲ ಆಕೆಯ ಕಾವಿ. ಐದು ರೂಮುಗಳ ಗೋಡೆ ಮುಗಿಯಿತು, ಆಕೆ ಮುಗಿಸಲಿಲ್ಲ. ಪೈಪು ಬೇಲಿ ದಾಟಿ, ಗಿರಾಕಿಗಳು ನೆರೆದಿದ್ದ ವಜ್ರದ ವಿಲ್ಲಾದೊಳಕ್ಕೇ ಹೋಯಿತು. ಗೆರೆ ಸೋಫಾ ಮುಳುಗಿಸಿ, ಟೀವಿ ಮುಳುಗಿಸಿ, ಗೋಡೆಗೆ ಆತು ನಿಂತ ಗಿರೀಶನ ಮೀಸೆಯ ಹತ್ತಿರ ನಿಂತಿತು.

"ಇದೆಂತದು?" ಎಂದು ಗಿರಾಕಿ ಹೆಂಗಸೊಬ್ಬಳು ಕೇಳಿದಳು.

"ಹೋದ ಸಲ ಹೊಳೆ ಇಲ್ಲಿವರೆಗೆ ಬಂದಿತ್ತು. ನೀವು ನೋಡೋಕೆ ಬಂದಿರೋದು ಅದನ್ನೇ ಅಲ್ವಾ?"

"ಒರೆಸ್ತೀನಿ ಚೇಚಿ! ನಾಳೆನೇ ಒರೆಸ್ತೀನಿ!" ಗಿರೀಶನ ದನಿ ಒಡೆದಿತ್ತು.

"ಒರೆಸು. ನಾಳೆನೂ ನಾನು ಇಷ್ಟೇ ಎತ್ತರ ಇರ್ತೀನಿ."

ಅವನು ಒರೆಸಿದ. ಮುಂದಿನ ಭಾನುವಾರ ಆಕೆ ದೀಪದ ಕಂಬಗಳಿಗೆ ಎಳೆದಳು. ಈಗಲೂ ಅವನು ಒರೆಸುತ್ತಾನೆ, ಆಕೆ ಎಳೆಯುತ್ತಾಳೆ, ಪೈಪು ನಾನು ಹಿಡಿಯುತ್ತೇನೆ. ಏಣಿಯ ಪಾಪಕ್ಕೆ ಅದು ಪ್ರಾಯಶ್ಚಿತ್ತ. ಐದೂ ರೂಮುಗಳಲ್ಲಿ ಒಲೆ ಉರಿಯುತ್ತಿದೆ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಊರು ದುಡ್ಡು ಕೊಟ್ಟಾದರೂ ಮರೆಯಬೇಕೆಂದಿರುವುದನ್ನು ತಮ್ಮ ಮೈಯಲ್ಲೇ ಅಳತೆಯಾಗಿ ಹೊತ್ತು ತಿರುಗುವವರು. ಗದ್ದ ತಗ್ಗದ ಅವರನ್ನು ನಾವು ಜಂಬಗಾರರೆನ್ನುತ್ತೇವೆ. ತಗ್ಗಿಸಿದರೆ ಬಾಯಿಗೆ ನೀರು ನುಗ್ಗುತ್ತದೆಂಬುದು ನೆನಪಿರುವುದು ಅವರೊಬ್ಬರಿಗೇ.